ಚಳಿಗಿಂತ ಮೊದಲು ಕತ್ತಲಿಗೆ ಸಿದ್ಧಳಾದೆ

ಫಿನ್‌ಲ್ಯಾಂಡಿಗೆ ಒಬ್ಬಳೇ ಹೊರಟಾಗ ಎಲ್ಲರೂ ಕೇಳಿದ್ದು ಚಳಿಯ ಬಗ್ಗೆ. ಹೆಲ್ಸಿಂಕಿಯಲ್ಲಿ ಕೆಲವು ಚಳಿಗಾಲ ಕಳೆದ ಮೇಲೆ ನನಗನ್ನಿಸುವುದು ಇಷ್ಟು: ಚಳಿ ತಡೆಯಲು ಬಟ್ಟೆ ಇದೆ, ಮನೆಯೊಳಗೆ ಹೀಟಿಂಗ್ ಇದೆ. ಮೊದಲೇ ಯೋಚಿಸಿಟ್ಟುಕೊಳ್ಳಬೇಕಾದದ್ದು ಕತ್ತಲನ್ನು, ಮಾತಿಗೆ ಯಾರೂ ಇಲ್ಲದ ಸಂಜೆಗಳನ್ನು.

ಆಗಸ್ಟಿನಲ್ಲೇ ಹೋಗಬೇಕೆಂದು ಹಟ ಹಿಡಿದೆ. ಆಗ ರಾತ್ರಿ ಒಂಬತ್ತರ ಸುಮಾರಿಗೂ ಬೆಳಕಿರುತ್ತದೆ, ಕಚೇರಿ ಅಲೆದಾಟವೆಲ್ಲ ಹಗುರಾಗಿ ಮುಗಿಯುತ್ತದೆ. ಅಲ್ಲಿ ವೈಯಕ್ತಿಕ ಗುರುತಿನ ಸಂಖ್ಯೆ ಇಲ್ಲದೆ ಹೆಚ್ಚೇನೂ ನಡೆಯುವುದಿಲ್ಲ. ವಾಸದ ಪರವಾನಗಿಗೆ ಅರ್ಜಿ ಹಾಕುವಾಗಲೇ ಅದನ್ನೂ ಕೇಳಿಕೊಳ್ಳಬಹುದು, ನಾನು ಹಾಗೇ ಮಾಡಿದೆ. ಆಮೇಲೆ ವಿಳಾಸ ನೋಂದಣಿ, ಬ್ಯಾಂಕ್ ಖಾತೆ. ಬ್ಯಾಂಕಿನ ಆನ್‌ಲೈನ್ ಲಾಗಿನ್ ಅಲ್ಲಿ ಬರೀ ಹಣಕ್ಕಲ್ಲ. ತೆರಿಗೆ ಕಚೇರಿ, ಆರೋಗ್ಯ ದಾಖಲೆ, ಸಾಮಾಜಿಕ ವಿಮೆ ನೋಡಿಕೊಳ್ಳುವ ಕೆಲಾ, ಎಲ್ಲದರ ಬಾಗಿಲೂ ಅದರಿಂದಲೇ ತೆರೆಯುತ್ತದೆ. ಬ್ಯಾಂಕಿನಲ್ಲಿ ಅಪಾಯಿಂಟ್‌ಮೆಂಟ್‌ಗೆ ವಾರಗಟ್ಟಲೆ ಕಾಯಬೇಕಾಗಬಹುದು, ಆದ್ದರಿಂದ ಇಳಿದ ಕೂಡಲೇ ಹೆಸರು ಬರೆಸಿ.

ಬಟ್ಟೆಯ ವಿಷಯ. ಮೈಗೆ ತಾಗುವ ಪದರ ಹತ್ತಿಯದಾಗಿರಕೂಡದು. ಬಸ್ಸಿಗೆ ಓಡಿದರೂ ಸಾಕು, ಬೆವರು ಹೀರಿಕೊಂಡ ಹತ್ತಿ ಸ್ಟಾಪಿನಲ್ಲಿ ನಿಂತ ಐದೇ ನಿಮಿಷಕ್ಕೆ ಬೆನ್ನಿಗೆ ತಣ್ಣಗೆ ಅಂಟಿಕೊಳ್ಳುತ್ತದೆ. ಮೆರಿನೊ ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆ. ಅದರ ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಬೂಟು ಒಂದು ಸೈಜು ದೊಡ್ಡದಿರಲಿ. ದಪ್ಪ ಕಾಲುಚೀಲ ಹಾಕಿ ಬಿಗಿಯಾದರೆ ರಕ್ತ ಓಡದೆ ಬೆರಳು ಇನ್ನಷ್ಟು ಮರಗಟ್ಟುತ್ತದೆ. ಬೆರಳು ಬೇರೆಬೇರೆ ಇರುವ ಗ್ಲೌಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಕೈಗವಸು ಬೆಚ್ಚಗೆ. ಫೋನು ಒಳಜೇಬಿನಲ್ಲಿರಲಿ, ಹೊರಗಿಟ್ಟರೆ ಅರ್ಧ ಚಾರ್ಜ್ ಇದ್ದರೂ ಆಫ್ ಆಗಿಬಿಡುತ್ತದೆ.

ನನಗೆ ಮೈನಸ್ ಹದಿನೈದಕ್ಕಿಂತ ಸೊನ್ನೆಯ ಆಸುಪಾಸೇ ಭಯ. ಹಗಲು ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿ, ಅದರ ಮೇಲೊಂದು ನೀರಿನ ಪೊರೆ ಕೂತರೆ ಫುಟ್‌ಪಾತು ಗಾಜಿನ ಹಾಗೆ. ಬೂಟಿನ ತಳಕ್ಕೆ ತೊಡಿಸುವ ಮೊಳೆಪಟ್ಟಿ ಸಿಗುತ್ತದೆ, ನಾಚಿಕೊಳ್ಳದೆ ಹಾಕಿಕೊಳ್ಳಿ. ಕೋಟಿಗೆ ರಿಫ್ಲೆಕ್ಟರ್ ನೇತುಹಾಕಿಕೊಳ್ಳಿ. ಕತ್ತಲಲ್ಲಿ ನಡೆಯುವವರಿಗೆ ಅದು ಬೇಕೇ ಬೇಕು.

ಡಿಸೆಂಬರಿನ ಕೊನೆಗೆ ಹೆಲ್ಸಿಂಕಿಯಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಒಂಬತ್ತೂಕಾಲು ಕಳೆದ ಮೇಲೆ, ಮುಳುಗುವುದು ಮಧ್ಯಾಹ್ನ ಮೂರೂಕಾಲರ ಸುಮಾರಿಗೆ. ಆರು ಗಂಟೆಯೂ ಹಗಲಿಲ್ಲ, ಅದರಲ್ಲೂ ಎಷ್ಟೋ ದಿನ ಮೋಡ. ಆದರೂ ನನ್ನನ್ನು ಹೆಚ್ಚು ಕುಗ್ಗಿಸಿದ್ದು ನವೆಂಬರ್. ನೆಲದಲ್ಲಿ ಹಿಮ ಬಿದ್ದಿದ್ದರೆ ಬೀದಿದೀಪದ ಬೆಳಕೂ ಪ್ರತಿಫಲಿಸಿ ಊರು ಬೆಳಗುತ್ತದೆ. ನವೆಂಬರಿನಲ್ಲಿ ಒದ್ದೆ ಡಾಂಬರು ಇದ್ದ ಬೆಳಕನ್ನೂ ನುಂಗುತ್ತದೆ.

ಅದಕ್ಕೆ ಅಕ್ಟೋಬರಿನಲ್ಲೇ ಹತ್ತು ಸಾವಿರ ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ) ದೀಪವೊಂದನ್ನು ತಂದು ತಿಂಡಿಯ ಮೇಜಿನ ಪಕ್ಕದಲ್ಲಿಟ್ಟೆ. ಎದ್ದ ಕೂಡಲೇ ಅರ್ಧ ಗಂಟೆ ಅದರ ಎದುರು ಕೂರುತ್ತೇನೆ. ದಿಟ್ಟಿಸಬೇಕಿಲ್ಲ, ಓದುತ್ತಲೋ ತಿನ್ನುತ್ತಲೋ ಇದ್ದರೆ ಸಾಕು. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಸರಿಹೊಂದಿಸುತ್ತದೆ. ಅದೇ ದೀಪ ಸಂಜೆ ಹಚ್ಚಿದರೆ ನಿದ್ದೆ ಮುಂದೆ ಹೋಗುತ್ತದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೋಡವಿದ್ದರೂ ಹೊರಗೆ ಹೋಗುತ್ತೇನೆ. ಚಳಿಗಾಲದ ಬಿಸಿಲಿನಿಂದ ಅಲ್ಲಿ ಚರ್ಮಕ್ಕೆ ವಿಟಮಿನ್ ಡಿ ಸಿಗುವುದಿಲ್ಲ, ಕಪ್ಪು ಮೈಬಣ್ಣದವರಿಗಂತೂ ಬೇರೆ ಕಾಲದಲ್ಲೂ ಹೆಚ್ಚು ಬಿಸಿಲು ಬೇಕು. ವೈದ್ಯರನ್ನು ಕೇಳಿ ರಕ್ತಪರೀಕ್ಷೆ ಮಾಡಿಸಿ ಮಾತ್ರೆ ಶುರುಮಾಡಿದೆ.

ಒಂಟಿತನಕ್ಕೆ ದಾರಿ ತೋರಿಸಿದ್ದು ಗ್ರಂಥಾಲಯ. 2018ರ ಡಿಸೆಂಬರಿನಲ್ಲಿ ತೆರೆದ ‘ಓಡಿ’ (Oodi) ಎಂಬ ಗ್ರಂಥಾಲಯ ಸೆಂಟ್ರಲ್ ಸ್ಟೇಷನ್ನಿನ ಹತ್ತಿರವೇ ಇದೆ. ಪುಸ್ತಕದ ಜೊತೆ ಹೊಲಿಗೆ ಯಂತ್ರ, ತ್ರೀಡಿ ಪ್ರಿಂಟರ್ ಕೂಡ ಇವೆ. ಎಷ್ಟು ಹೊತ್ತು ಕೂತರೂ ಯಾಕೆಂದು ಕೇಳುವವರಿಲ್ಲ. ಊರಿನ ಗ್ರಂಥಾಲಯಗಳಲ್ಲಿ ಫಿನ್ನಿಷ್ ಮಾತಾಡಲು ಸೇರುವ ಭಾಷಾ ಕೆಫೆಗಳೂ ನಡೆಯುತ್ತವೆ. ವಾರಕ್ಕೊಂದು ಸಂಜೆ ಅದಕ್ಕೇ ಮೀಸಲಿಟ್ಟೆ, ಮನಸ್ಸಿಲ್ಲದಿದ್ದರೂ ಹೋದೆ. ಅಲ್ಲೊಬ್ಬ ಹಿರಿಯ ಮಹಿಳೆ ನನ್ನ ಪ್ರತಿ ವಾಕ್ಯವನ್ನೂ ಪೂರ್ತಿ ಮುಗಿಯುವವರೆಗೆ ಕಾದು, ತಿದ್ದಿ, ಮತ್ತೆ ಹೇಳಿಸುತ್ತಿದ್ದರು. ಹಾಗೆ ಕಾಯುವುದು ಅಲ್ಲಿನವರ ಮರ್ಯಾದೆ ಎಂದು ಗೊತ್ತಾದ ಮೇಲೆ ಮಾತಿನ ನಡುವಿನ ಮೌನ ನನ್ನನ್ನು ಚುಚ್ಚಲಿಲ್ಲ. ಲಿಫ್ಟಿನಲ್ಲಿ ಎಂದೂ ಮಾತಾಡದ ನೆರೆಯವರು ಕಟ್ಟಡದ ಲಾಂಡ್ರಿ ಕೋಣೆಯಲ್ಲಿ, ಗೋಡೆಯ ಪಟ್ಟಿಯಲ್ಲಿ ನನ್ನ ಹೆಸರು ಎಲ್ಲಿ ಬರೆಯಬೇಕೆಂದು ತಾವಾಗಿಯೇ ತೋರಿಸಿದರು. ಪರಿಚಯ ಶುರುವಾದದ್ದು ಅಲ್ಲಿ.

ಈಗ ಹೊಸದಾಗಿ ಬರುವವರು ಕೇಳಿದರೆ ಸೆಪ್ಟೆಂಬರಿನಲ್ಲೇ ಯಾವುದಾದರೂ ತರಗತಿಗೆ ಸೇರಿಕೊಳ್ಳಿ ಎನ್ನುತ್ತೇನೆ: ಭಾಷೆ, ಈಜು, ಹಾಡು, ಯಾವುದಾದರೂ ಸರಿ. ನವೆಂಬರಿನಲ್ಲಿ ಹೊಸದನ್ನು ಹುಡುಕಿಕೊಂಡು ಹೋಗಲು ಕಾಲೇ ಏಳುವುದಿಲ್ಲ. ಆಗಲೇ ಗುರುತಾದ ಮುಖಗಳು ಕಾಯುತ್ತಿದ್ದರೆ ಬೂಟು ಹಾಕಿಕೊಂಡು ಹೊರಡುತ್ತೇವೆ.