ಎನ್‌ಡಿಸಿಜಿ ಲೆಕ್ಕ: ಎಡವುವುದು ಛೇದದಲ್ಲೇ

ಮೈಸೂರಿನ ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ರಿಪೋರ್ಟ್ ತೆಗೆದರೆ ಸಾಕು, ಅದೇ ಎಡವಟ್ಟು. ತಾವು ಕಟ್ಟಿದ ಸರ್ಚ್‌ಗೆ ಎನ್‌ಡಿಸಿಜಿ (ಸರ್ಚ್ ಫಲಿತಾಂಶದ ಕ್ರಮ ಎಷ್ಟು ಚೆನ್ನಾಗಿದೆ ಅಂತ 0ಯಿಂದ 1ರೊಳಗೆ ಅಳೆಯುವ ಸೂತ್ರ) 0.98 ಅಂತ ಬರೆದಿರುತ್ತಾರೆ. ನಾವು ಹುಡುಕಿದರೆ ಬೇಕಾದ ಪುಟವೇ ಬರುವುದಿಲ್ಲ!

ಈ ಸೂತ್ರ ಕೇಳುವುದು ಇಷ್ಟೇ: ಒಳ್ಳೆಯ ಪುಟಗಳು ಮೇಲೆ ಬಂದವಾ?

ಮೊದಲು ಪ್ರತಿ ಪುಟಕ್ಕೂ ಎಷ್ಟು ಉಪಯುಕ್ತ ಅಂತ 0ಯಿಂದ 3ರವರೆಗೆ ಅಂಕ ಕೊಡಿ. ಮಂಡ್ಯದ ರೈತರೊಬ್ಬರು ‘ಕೆಆರ್‌ಎಸ್ ನೀರಿನ ಮಟ್ಟ’ ಅಂತ ಹುಡುಕಿದರು ಅಂದುಕೊಳ್ಳಿ. ಮೊದಲು ಬಂದದ್ದು ಕಟ್ಟೆ 124.80 ಅಡಿ ಭರ್ತಿಯಾದಾಗಿನ ಹಳೇ ಸುದ್ದಿ, ಅದಕ್ಕೆ 1. ಎರಡನೆಯದು ಬೃಂದಾವನದ ಟಿಕೆಟ್ ದರ, 0. ಮೂರನೆಯದರಲ್ಲಿ ಇವತ್ತಿನ ಮಟ್ಟ, ಒಳಹರಿವು, ಹೊರಹರಿವು ಎಲ್ಲಾ ಇದೆ, 3. ನಾಲ್ಕನೆಯದರಲ್ಲಿ ಇವತ್ತಿನ ಮಟ್ಟ ಮಾತ್ರ, 2. ಅಂಕ ಹಾಕುವವರಿಗೆ ಯಾವ ಪುಟ ಎಷ್ಟನೇ ಸ್ಥಾನದಲ್ಲಿತ್ತು ಅಂತ ಹೇಳಲೇಬೇಡಿ. ಮೇಲಿದ್ದದ್ದಕ್ಕೆ ಕೈ ತಾನಾಗೇ ಜಾಸ್ತಿ ಹಾಕುತ್ತದೆ.

ಆಮೇಲೆ ಸ್ಥಾನಕ್ಕೆ ಒಂದು ಕೂಡಿಸಿ, ಅದರ ಎರಡರ ಆಧಾರದ ಲಾಗ್‌ನಿಂದ ಅಂಕವನ್ನು ಭಾಗಿಸಿ. ನಾಲ್ಕು ಸ್ಥಾನಕ್ಕೆ ಭಾಜಕಗಳು 1, 1.585, 2, 2.322. ಎಲ್ಲಾ ಕೂಡಿಸಿದರೆ 1 + 0 + 1.5 + 0.861, ಅಂದರೆ 3.361. ಇದು ಡಿಸಿಜಿ. ಒಂದು ಕೂಡಿಸಲು ಮರೆತರೆ ಮೊದಲ ಸ್ಥಾನದಲ್ಲೇ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಕ್ಯಾಲ್ಕುಲೇಟರಿನ ಲಾಗ್ ಗುಂಡಿ ಹತ್ತರ ಆಧಾರದ್ದು, ಅದರಿಂದ ಡಿಸಿಜಿ ಬೇರೆಯೇ ಬರುತ್ತದೆ. ಆದರೆ ಕೊನೆಯ ಭಾಗಾಕಾರದಲ್ಲಿ ಮೇಲೂ ಕೆಳಗೂ ಅದೇ ಲಾಗ್ ಇದ್ದರೆ ವ್ಯತ್ಯಾಸ ಹೊಡೆದುಹೋಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದ್ದು ಛೇದದ ಬಗ್ಗೆ. ಅತ್ಯುತ್ತಮ ಕ್ರಮದಲ್ಲಿ ಜೋಡಿಸಿದ್ದರೆ ಡಿಸಿಜಿ ಎಷ್ಟಾಗುತ್ತಿತ್ತೋ ಅದೇ ಛೇದ. ನಮ್ಮ ಡಿಸಿಜಿಯನ್ನು ಅದರಿಂದ ಭಾಗಿಸಿದರೆ ಬರುವುದೇ ಎನ್‌ಡಿಸಿಜಿ. ಎಲ್ಲರೂ ಏನು ಮಾಡುತ್ತಾರೆ? ಕೈಯಲ್ಲಿರುವ ನಾಲ್ಕೇ ಪುಟಗಳನ್ನು 3, 2, 1, 0 ಅಂತ ಜೋಡಿಸಿ 4.762 ತೆಗೆಯುತ್ತಾರೆ. ಭಾಗಿಸಿದರೆ 0.71. ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಸಂಗ್ರಹದಲ್ಲಿ 3 ಅಂಕದ ಇನ್ನೊಂದು ಪುಟ ಇದೆ, ಸರ್ಚ್ ಅದನ್ನು ತರಲೇ ಇಲ್ಲ. ಆಗ ಅತ್ಯುತ್ತಮ ಕ್ರಮ 3, 3, 2, 1 ಆಗಬೇಕು, ಛೇದ 6.324, ಉತ್ತರ 0.53. ಬಿಟ್ಟುಹೋದ ಪುಟಕ್ಕೆ ದಂಡ ಬೀಳುವುದು ಇಲ್ಲಿ ಮಾತ್ರ. ಹಾಗಾಗಿ ಅಂಕ ಕೊಟ್ಟ ಎಲ್ಲಾ ಪುಟಗಳನ್ನೂ ಸೇರಿಸಿ ಜೋಡಿಸಿ, ಅದರಲ್ಲಿ ಮೇಲಿನ ನಾಲ್ಕನ್ನು ತೆಗೆದುಕೊಳ್ಳಿ. ನೆಟ್‌ನಲ್ಲಿ ಸಿಗುವ ಕೆಲವು ರೆಡಿಮೇಡ್ ಕೋಡ್‌ಗಳು ಬಂದ ಫಲಿತಾಂಶದ ಪಟ್ಟಿಯೊಂದನ್ನೇ ಕೇಳುತ್ತವೆ. ಬರದೇ ಇದ್ದ ಪುಟದ ಸುದ್ದಿ ಅವಕ್ಕೆ ಗೊತ್ತಾಗುವುದಾದರೂ ಹೇಗೆ? ಅಂಥದ್ದನ್ನು ಮುಟ್ಟಬೇಡಿ.

ಇನ್ನೊಂದು ಗೊಂದಲ. ಕೆಲವರು ಅಂಕವನ್ನು ನೇರ ಹಾಕದೆ, ಎರಡನ್ನು ಆ ಅಂಕದ ಘಾತಕ್ಕೆ ಏರಿಸಿ ಒಂದು ಕಳೆಯುತ್ತಾರೆ. ಆಗ 3 ಹೋಗಿ 7 ಆಗುತ್ತದೆ, 2 ಹೋಗಿ 3. ನಮ್ಮ 0.53 ಈ ಲೆಕ್ಕದಲ್ಲಿ 0.43. ಮೆಷಿನ್ ಲರ್ನಿಂಗ್‌ನ ರೆಡಿಮೇಡ್ ಲೈಬ್ರರಿಗಳಲ್ಲಿ ಸೈಕಿಟ್-ಲರ್ನ್ ನೇರ ಅಂಕ ಬಳಸುತ್ತದೆ, ಲೈಟ್‌ಜಿಬಿಎಂ ಸುಮ್ನೆ ಬಿಟ್ಟರೆ ಘಾತದ್ದು. ಒಂದರಲ್ಲಿ ತೆಗೆದ ಎನ್‌ಡಿಸಿಜಿಯನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಬೇಡಿ. ಈ ಸೂತ್ರ ತಂದ ಯಾರ್ವೆಲಿನ್ ಮತ್ತು ಕೆಕಾಲೈನೆನ್ ಅವರ 2002ರ ಮೂಲ ಪ್ರಬಂಧದಲ್ಲಂತೂ ಎರಡರ ಆಧಾರ ಹಿಡಿದರೆ ಮೊದಲ ಎರಡು ಸ್ಥಾನಕ್ಕೆ ಕಡಿತವೇ ಇಲ್ಲ. ಪೂರ್ತಿ ಸರಿ ಇರುವ ಪುಟವೇ ಮುಖ್ಯವಾದರೆ ಘಾತದ್ದನ್ನೇ ಹಿಡಿಯಿರಿ. ಯಾವುದು ಬಳಸಿದಿರಿ ಅಂತ ರಿಪೋರ್ಟಿನಲ್ಲಿ ಬರೆಯಿರಿ.

ಒಂದೂ ಒಳ್ಳೆಯ ಪುಟ ಇಲ್ಲದ ಪ್ರಶ್ನೆಗೆ ಛೇದ ಸೊನ್ನೆ. ಅಂಥವನ್ನು ಸರಾಸರಿಯಿಂದ ತೆಗೆದು, ಎಷ್ಟು ತೆಗೆದಿರಿ ಅಂತ ಪಕ್ಕದಲ್ಲೇ ನಮೂದಿಸಿ.