ಅಡುಗೆ ಅದೇ ಇರಲಿ, ಸೌಟಿನ ಲೆಕ್ಕ ಬದಲಾಗಲಿ

ಮಧ್ಯಾಹ್ನ ಮೂರಕ್ಕೆ ಕಣ್ಣು ಎಳೆಯುತ್ತದೆ. ಸಂಜೆ ಐದಕ್ಕೆ ತಲೆ ಭಾರ. ರಾತ್ರಿ ಹೊಟ್ಟೆ ಉಬ್ಬರ. ಬೆಳಿಗ್ಗೆ ಎದ್ದರೆ ಹಸಿವೇ ಇಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲವೂ ನಾರ್ಮಲ್! ಒಂದು ವರ್ಷದ ಹಿಂದೆ ನನ್ನ ದಿನಗಳು ಹೀಗೇ ಇದ್ದವು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಓಟ್ಸ್ ತಂದೆ, ಚಿಯಾ ಬೀಜ ತಂದೆ, ಗ್ರೀನ್ ಟೀ ಡಬ್ಬಿ ತಂದೆ. ಮನೆಯವರೆಲ್ಲ ಉಪ್ಪಿಟ್ಟು ತಿನ್ನುವಾಗ ಒಬ್ಬರೇ ಕೂತು ಅಂಟಂಟು ಗಂಜಿ ಕುಡಿಯುವುದು ಎಷ್ಟು ದಿನ ನಡೆದೀತು? ಮಳೆಗಾಲ ಬಂತು, ಓಟ್ಸ್‌ಗೆ ಹುಳ ಬಿತ್ತು.

ಆಮೇಲೆ ಹೊಸ ಸಾಮಾನು ತರುವುದನ್ನು ಬಿಟ್ಟೆ. ಮನೆಯ ಅಡುಗೆಯಲ್ಲೇ ಅಳತೆ, ಸರದಿ, ಹೊತ್ತು ಈ ಮೂರನ್ನು ಸ್ವಲ್ಪ ಸ್ವಲ್ಪ ಅಲುಗಾಡಿಸಿದೆ. ಅದು ಅಭ್ಯಾಸವಾಗಿ ಉಳಿಯಿತು. ಹೇಗೆ ಮಾಡಿದೆ ಅಂತ ಇಲ್ಲಿ ಹೇಳುತ್ತೇನೆ. ಎಲ್ಲವನ್ನೂ ಒಂದೇ ಸೋಮವಾರ ಶುರು ಮಾಡಬೇಡಿ. ಎರಡು ವಾರಕ್ಕೆ ಒಂದು ಬದಲಾವಣೆ ಸಾಕು.

ಮೊದಲು ಮೂರು ದಿನ ಬರೆಯಿರಿ

ಹಳೇ ಕ್ಯಾಲೆಂಡರ್ ಹಾಳೆಯ ಹಿಂಭಾಗದಲ್ಲಿ ತಿಂದದ್ದು, ಕುಡಿದದ್ದು, ಗಂಟೆ ಎಷ್ಟು ಎಂದು ಬರೆಯಿರಿ. ಮೂರರಲ್ಲಿ ಒಂದು ದಿನ ಭಾನುವಾರ ಇರಲಿ. ಮಗು ಬಿಟ್ಟ ಅರ್ಧ ದೋಸೆ, ಬೋಂಡ ಕರಿಯುವಾಗ ರುಚಿ ನೋಡಿದ ಎರಡು, ಆಫೀಸಿನಲ್ಲಿ ಯಾರದೋ ಬರ್ತ್‌ಡೇ ಕೇಕು, ಇವೆಲ್ಲ ಲೆಕ್ಕಕ್ಕೆ ಬರಬೇಕು. ಈ ಹಂತದಲ್ಲಿ ಏನನ್ನೂ ಬಿಡಬೇಡಿ, ಸುಮ್ನೆ ಬರೆಯಿರಿ. ನನ್ನ ಹಾಳೆಯಲ್ಲಿ ಕಾಫಿ ಐದು ಸಲ ಇತ್ತು. ಎರಡೇ ಕುಡಿಯುತ್ತೇನೆ ಅಂತ ನಾನು ಊರೆಲ್ಲ ಹೇಳಿಕೊಂಡು ಓಡಾಡುತ್ತಿದ್ದೆ.

ಕಾಫಿ ಲೋಟದಿಂದ ಶುರು

ಕಾಫಿ ಬಿಡಿ ಅಂತ ಕನ್ನಡಿಗರಿಗೆ ಹೇಳುವ ಧೈರ್ಯ ನನಗಿಲ್ಲ. ಬಿಡುವ ಅಗತ್ಯವೂ ಇಲ್ಲ. ಸರಿ ಮಾಡಬೇಕಾದದ್ದು ಮೂರು: ಸಕ್ಕರೆ, ಸಮಯ, ಸಂಖ್ಯೆ.

ಸಕ್ಕರೆ ಮೊದಲು. ಒಂದು ಲೋಟಕ್ಕೆ ಎರಡು ಚಮಚದಂತೆ ಐದು ಲೋಟಕ್ಕೆ ಹತ್ತು ಚಮಚ. ಚಮಚಕ್ಕೆ ನಾಲ್ಕೈದು ಗ್ರಾಂ ಹಿಡಿದರೆ 40ರಿಂದ 50 ಗ್ರಾಂ ಆಯಿತು. ಸಾಧ್ಯವಾದರೆ ದಿನವಿಡೀ ಸೇರಿ 25 ಗ್ರಾಂ ದಾಟದಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಬಿಸ್ಕತ್ತು, ಕೇಸರಿಬಾತು ಮುಟ್ಟುವ ಮೊದಲೇ ನಾವು ಗೆರೆ ದಾಟಿರುತ್ತೇವೆ. ಒಮ್ಮೆಲೇ ನಿಲ್ಲಿಸಿದರೆ ನಾಲಿಗೆ ಜಗಳಕ್ಕೆ ನಿಲ್ಲುತ್ತದೆ. ಹತ್ತು ದಿನಕ್ಕೊಮ್ಮೆ ಕಾಲು ಚಮಚ ಇಳಿಸಿ, ಅದಕ್ಕೆ ಗೊತ್ತೇ ಆಗುವುದಿಲ್ಲ. ‘ಸಕ್ಕರೆ ಬಿಟ್ಟಿದ್ದೀನಿ, ಬೆಲ್ಲ ಹಾಕ್ಕೊಳ್ತೀನಿ’ ಅನ್ನುವವರಿಗೆ ಒಂದು ಮಾತು: ಬೆಲ್ಲದಲ್ಲೂ ಇರುವುದು ಬಹುಪಾಲು ಸಕ್ಕರೆಯೇ. ರುಚಿಗೆ ಹಾಕಿಕೊಳ್ಳಿ, ಲೆಕ್ಕದಿಂದ ಬಿಡಬೇಡಿ.

ಇನ್ನು ಸಮಯ. ಇಡ್ಲಿ ವಡೆ ತಿಂದ ತಕ್ಷಣ ಬಿಸಿ ಕಾಫಿ ಬರಬೇಕು, ಅಲ್ವಾ? ತೊಂದರೆ ಅಲ್ಲೇ ಇದೆ. ಕಾಫಿ, ಟೀಯಲ್ಲಿರುವ ಟ್ಯಾನಿನ್ ಊಟದ ಕಬ್ಬಿಣಾಂಶಕ್ಕೆ ಅಂಟಿಕೊಳ್ಳುತ್ತದೆ. ಅಂಟಿದ್ದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚಿಯಲ್ಲಿ ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಕಾಫಿ, ಟೀ ಬೇಡ ಎಂದಿದೆ. ರಕ್ತ ಕಡಿಮೆ ಎಂದು ಮಾತ್ರೆ ನುಂಗುತ್ತಿರುವ ಹೆಣ್ಣುಮಕ್ಕಳಿರುವ ಮನೆಯಲ್ಲಿ ನಾನು ಮೊದಲು ಹೇಳುವುದು ಇದನ್ನೇ. ಎದ್ದ ಕೂಡಲೇ ಕಾಫಿ ಕುಡಿದು, ತಿಂಡಿ ಒಂದು ಗಂಟೆ ತಡವಾಗಿ ತಿನ್ನಿ. ಇಲ್ಲವೇ ಎಂಟಕ್ಕೆ ತಿಂಡಿ ಮುಗಿಸಿ ಹತ್ತೂವರೆಗೆ ಕಾಫಿ. ಸೊಪ್ಪಿನ ಪಲ್ಯಕ್ಕೆ ಇಳಿಸುವಾಗ ನಿಂಬೆರಸ ಹಿಂಡಿದರೆ ಅದರ ಕಬ್ಬಿಣ ಇನ್ನೂ ಚೆನ್ನಾಗಿ ಹತ್ತುತ್ತದೆ.

ಸಂಖ್ಯೆಯ ವಿಷಯ. ಅದೇ ಸೂಚಿಯ ಪ್ರಕಾರ 150 ಮಿಲಿ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ದಾಟಬಾರದು. ಗಟ್ಟಿ ಫಿಲ್ಟರ್ ಕಾಫಿ ಮೂರಕ್ಕೇ ಮುಗಿಯಿತು. ಬೆಂಗಳೂರಿನ ಹೋಟೆಲುಗಳಲ್ಲಿ ಇದಕ್ಕೊಂದು ಉತ್ತರ ಮೊದಲೇ ಇದೆ: ಬೈಟು, ಅಂದರೆ ಒಂದೇ ಕಾಫಿಯನ್ನು ಇಬ್ಬರು ಹಂಚಿಕೊಳ್ಳುವುದು. ಮನೆಯಲ್ಲೂ ಬೈಟು ಮಾಡಿ. ಕುಡಿದ ಕೆಫೀನ್‌ನಲ್ಲಿ ಅರ್ಧ, ಐದಾರು ಗಂಟೆ ಕಳೆದರೂ ಮೈಯಲ್ಲೇ ಇರಬಹುದು. ಹಾಗಾಗಿ ದಿನದ ಕೊನೆಯ ಲೋಟ ಮಧ್ಯಾಹ್ನ ಮೂರರೊಳಗೆ ಮುಗಿಯಲಿ. ಲೋಟಗಳನ್ನೂ ಒಂದೊಂದಾಗಿಯೇ ಕಳೆಯಿರಿ, ಒಟ್ಟಿಗೆ ನಿಲ್ಲಿಸಿದರೆ ತಲೆನೋವು ಹಿಡಿಯುತ್ತದೆ.

ಸೌಟು ಅದಲು ಬದಲು

ಎಲೆ ಊಟ ನೆನಪಿಸಿಕೊಳ್ಳಿ. ಅನ್ನ ಬರುವ ಮೊದಲೇ ಕೋಸಂಬರಿ, ಪಲ್ಯ ಬಡಿಸಿರುತ್ತಾರೆ. ನಾವು ಅದನ್ನು ನೋಡುತ್ತಾ ಅನ್ನಕ್ಕೆ ಕಾಯುತ್ತೇವೆ. ಕಾಯಬೇಡಿ, ಅದನ್ನೇ ಮೊದಲು ತಿನ್ನಿ. ತರಕಾರಿ, ಕಾಳು ಮೊದಲು ಹೊಟ್ಟೆಗೆ ಹೋದರೆ ಆಮೇಲೆ ಬಂದ ಅನ್ನದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ಮೂರು ಗಂಟೆಯ ತೂಕಡಿಕೆ ನನಗೆ ಅರ್ಧ ಕಡಿಮೆಯಾದದ್ದು ಇದರಿಂದಲೇ.

ಎರಡನೆಯದು, ಸೌಟು. ನಮ್ಮ ಮನೆಯಲ್ಲಿ ಅನ್ನಕ್ಕೆ ದೊಡ್ಡ ಸೌಟು, ಪಲ್ಯಕ್ಕೆ ಪುಟ್ಟ ಚಮಚ ಇತ್ತು. ಅದನ್ನು ತಿರುಗಿಸಿಬಿಟ್ಟೆ. ಹುಳಿಗೊಂದು ಸಲ, ಸಾರಿಗೊಂದು ಸಲ, ಮಜ್ಜಿಗೆಗೊಂದು ಸಲ ಅನ್ನ ಬೀಳುವ ಪದ್ಧತಿ ಹಾಗೇ ಇರಲಿ, ಬೀಳುವುದು ಚಿಕ್ಕ ಸೌಟಿನಲ್ಲಿ.

ಆದರೆ ಪಲ್ಯ ಸಾಕಷ್ಟು ಇರಬೇಕಲ್ಲ? ಹೈದರಾಬಾದಿನ ಆ ಪೌಷ್ಟಿಕಾಂಶ ಸಂಸ್ಥೆಯ ಮಾದರಿ ತಟ್ಟೆಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಇದೆ. ಕಾಲು ಕಿಲೋ ಬೀನ್ಸ್ ತಂದು ನಾಲ್ಕು ಜನಕ್ಕೆ ಪಲ್ಯ ಮಾಡಿದರೆ ತಲೆಗೆ 60 ಗ್ರಾಂ ಚಿಲ್ಲರೆ. ಅಡುಗೆ ಹೊಸದಾಗಿ ಕಲಿಯಬೇಕಿಲ್ಲ, ಸಂತೆಯಲ್ಲಿ ಇನ್ನೊಂದು ಕಟ್ಟು ಸೊಪ್ಪು ಜಾಸ್ತಿ ತರಬೇಕು ಅಷ್ಟೇ. ಹಳೇ ಮೈಸೂರಿನ ಕಡೆಯವರಿಗೆ ಬಸ್ಸಾರು ಗೊತ್ತು. ಸೊಪ್ಪು, ಕಾಳು ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. ನೀರಿಗೆ ಇಳಿದ ಸತ್ವವೂ ಚೆಲ್ಲಿ ಹೋಗುವುದಿಲ್ಲ. ಉತ್ತರ ಕರ್ನಾಟಕದ ತಟ್ಟೆಯಲ್ಲಿ ಜೋಳದ ರೊಟ್ಟಿ, ಕಾಳು ಪಲ್ಯದ ಜೊತೆ ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ ಇರುತ್ತದೆ. ಅವರಿಗೆ ನಾನು ಹೇಳಿಕೊಡುವುದೇನೂ ಇಲ್ಲ.

ರಾಗಿ ಒಳ್ಳೆಯದೇ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಹಾಗಂತ ಮೂರು ಚಮಚ ಸಕ್ಕರೆ ಹಾಕಿದ ರಾಗಿ ಮಾಲ್ಟ್ ಔಷಧಿ ಆಗುವುದಿಲ್ಲ, ಪಾಯಸ ಆಗುತ್ತದೆ. ಕಾಳು, ಸೊಪ್ಪು, ರಾಗಿ ಅಭ್ಯಾಸ ಇಲ್ಲದವರು ನಿಧಾನವಾಗಿ ಹೆಚ್ಚಿಸಿ. ಇಲ್ಲದಿದ್ದರೆ ಮೊದಲ ವಾರ ಗ್ಯಾಸ್ ಕಾಟ ತಪ್ಪಿದ್ದಲ್ಲ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ ಇಳಿಸುವ ಮುಂಚೆ ವೈದ್ಯರಿಗೆ ಹೇಳಿ. ಔಷಧಿ ಅಷ್ಟೇ ಇದ್ದು ಊಟ ಕಡಿಮೆಯಾದರೆ ಸಕ್ಕರೆ ದಿಢೀರ್ ಕುಸಿಯಬಹುದು.

ಉಪ್ಪಿನಕಾಯಿ ಜಾಡಿ ಕಪಾಟಿಗೆ

ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚ. ಇದರೊಳಗೆ ಸಾರು, ಚಟ್ನಿ, ದೋಸೆ ಹಿಟ್ಟು, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲ ಬರಬೇಕು. ಉಪ್ಪಿನಕಾಯಿ ಜಾಡಿ, ಉಪ್ಪಿನ ಡಬ್ಬಿ ಎರಡನ್ನೂ ಊಟದ ಮೇಜಿನಿಂದ ಎತ್ತಿಡಿ. ಬೇಕಾದವರು ಎದ್ದು ಹೋಗಿ ತರಲಿ. ಅರ್ಧ ಸಲ ಯಾರೂ ಏಳುವುದಿಲ್ಲ.

ಕುಡಿಯುವುದು

ದಿನಕ್ಕೆ ಇಷ್ಟೇ ಲೀಟರ್ ಎಂಬ ಹಟ ಬೇಡ. ಏಪ್ರಿಲ್‌ನಲ್ಲಿ ರಾಯಚೂರಿನ ಹೊಲದಲ್ಲಿ ದುಡಿಯುವವರಿಗೂ ಬೆಂಗಳೂರಿನ ಎಸಿ ಕೋಣೆಯಲ್ಲಿ ಕೂತವರಿಗೂ ಒಂದೇ ಲೆಕ್ಕ ಹೇಗಾಗುತ್ತದೆ? ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸಾಕು, ಕಡು ಹಳದಿ ಇದ್ದರೆ ಇನ್ನೊಂದು ಚೊಂಬು ಕುಡಿಯಿರಿ. ಕಿಡ್ನಿ, ಹೃದಯದ ತೊಂದರೆ ಇರುವವರು ವೈದ್ಯರು ಹೇಳಿದ ಅಳತೆ ಮೀರಬೇಡಿ.

ಕೋಲಾ ತರಹದ ತಂಪು ಪಾನೀಯದ 300 ಮಿಲಿ ಬಾಟಲಿಯಲ್ಲಿ ಹತ್ತಿರ ಹತ್ತಿರ 30 ಗ್ರಾಂ ಸಕ್ಕರೆ ಇರುತ್ತದೆ. ನಮ್ಮಲ್ಲಿ ನೀರು ಮಜ್ಜಿಗೆ ಇದೆ, ರಾಗಿ ಅಂಬಲಿ ಇದೆ, ಕರಾವಳಿಯಲ್ಲಿ ಪುನರ್ಪುಳಿ ಇದೆ. ಹಣ್ಣಿನ ಜ್ಯೂಸ್ ಬದಲು ಹಣ್ಣನ್ನೇ ತಿನ್ನಿ, ನಾರು ಅದರಲ್ಲೇ ಉಳಿದಿರುತ್ತದೆ.

ರಾತ್ರಿ ಊಟದ ಗಡಿಯಾರ

ಏಳಕ್ಕೇ ಊಟ ಮುಗಿಸಿ ಅನ್ನುವುದು ಸುಲಭ. ಎಂಟೂವರೆಗೆ ಬಸ್ ಇಳಿಯುವವರು ಏನು ಮಾಡಬೇಕು? ಊಟವನ್ನು ಎರಡು ತುಂಡು ಮಾಡಿ. ಸಂಜೆ ಆರಕ್ಕೆ ಮಿಕ್ಸ್ಚರ್ ಬದಲು ಡಬ್ಬಿಯಲ್ಲಿ ಒಯ್ದ ಕಡಲೆಕಾಳು ಉಸ್ಲಿ, ಒಂದು ಬಾಳೆಹಣ್ಣು. ಮನೆಗೆ ಬಂದಮೇಲೆ ಸ್ವಲ್ಪವೇ ಊಟ. ಮಲಗುವುದಕ್ಕೂ ಊಟಕ್ಕೂ ಎರಡು ಗಂಟೆ ಅಂತರ ಸಿಕ್ಕರೆ ಎದೆಯುರಿ ತಗ್ಗುತ್ತದೆ. ಊಟವಾದ ಮೇಲೆ ಬೀದಿಯಲ್ಲಿ ಹತ್ತು ನಿಮಿಷ ಅಡ್ಡಾಡಿ ಬನ್ನಿ.

ಮದುವೆ ಮನೆಗೆ ಹೋದರೆ? ತುಪ್ಪ ಹಾಕಿಕೊಂಡು ಹೋಳಿಗೆ ತಿನ್ನಿ. ಅದಕ್ಕಾಗಿ ಬೆಳಿಗ್ಗೆ ಉಪವಾಸ ಕೂರಬೇಡಿ, ಹಸಿದು ಹೋದರೆ ಒಂದು ಹೋಳಿಗೆ ಮೂರಾಗುತ್ತದೆ. ಮೊನ್ನೆ ನೆಂಟರ ಮನೆಯಲ್ಲಿ ನನಗೆ ಹಳೇ ಅಳತೆಯ ಕಾಫಿ ಕೊಟ್ಟರು, ಎರಡು ಚಮಚ ಸಕ್ಕರೆಯದ್ದು. ಒಂದು ಗುಟುಕಿಗೇ ಬಾಯಿ ಅಂಟಿದಂತಾಯಿತು. ಲೋಟ ಕೆಳಗಿಡಲು ಸಂಕೋಚ. ಪಕ್ಕದಲ್ಲಿದ್ದ ಚಿಕ್ಕಪ್ಪನ ಕಡೆ ನೋಡಿ ‘ಬೈಟು ಮಾಡೋಣವಾ?’ ಅಂದೆ.