ಎಳ್ಳು ಬೀರೋಕೆ ಹತ್ತು ದಿನ ಮುಂಚೆ ಶುರು ಮಾಡಿ

ನಾನು ಉಡುಪಿಯವಳು. ನಮ್ಮೂರಲ್ಲಿ ಮಕರ ಸಂಕ್ರಾಂತಿ ಅಂದರೆ ರಥಬೀದಿ, ರಾತ್ರಿ ಮೂರು ತೇರು, ಕಾಲಿಡಲು ಜಾಗವಿಲ್ಲದಷ್ಟು ಜನ. ಎಳ್ಳು ಬೆಲ್ಲ ಮಾಡಿ ಮನೆ ಮನೆಗೆ ಹಂಚುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ಮದುವೆಯಾಗಿ ಮೈಸೂರಿಗೆ ಬಂದ ಮೊದಲ ವರ್ಷ ಅತ್ತೆ, "ಎಳ್ಳು ಬೀರೋದಿಕ್ಕೆ ಕೊಬ್ಬರಿ ರೆಡಿ ಮಾಡ್ಕೊಳಮ್ಮ" ಅಂದರು. ನಾನು ಎರಡು ಗಿಟುಕು ತೆಗೆದುಕೊಂಡು ಚೆನ್ನಾಗಿ ತುರಿದಿಟ್ಟೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ತುರಿಯನ್ನು ಡಬ್ಬಿಗೆ ತುಂಬಿ ಚಟ್ನಿಪುಡಿಗೆ ಎತ್ತಿಟ್ಟರು. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಹೆಚ್ಚುವುದನ್ನು ತೋರಿಸಿದರು.

ಅದಾಗಿ 17 ವರ್ಷ. ಈಗ ಹೆಚ್ಚುವವಳು ನಾನು, ಕುರ್ಚಿ ಹಾಕಿಕೊಂಡು ತಪ್ಪು ಹೇಳುವವರು ಅವರು. ದೊಡ್ಡವಳಾದ ಮೇಲೆ ಕಲಿತಿದ್ದರಿಂದ ಹೊಸಬರು ಎಲ್ಲಿ ಎಡವುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಒಂದೇ ಜಾಗದಲ್ಲಿ: ತೇವ. ಎಳ್ಳು ಬೆಲ್ಲದಲ್ಲಿ ಅಡುಗೆ ಅನ್ನುವಂಥದ್ದು ಏನೂ ಇಲ್ಲ. ಒಣಗಿಸುವುದು, ಹುರಿಯುವುದು, ಕಾಯುವುದು, ಅಷ್ಟೇ. ಹಬ್ಬ ಜನವರಿ 14ಕ್ಕೋ 15ಕ್ಕೋ ಬರುತ್ತದೆ. 4ನೇ ತಾರೀಖಿನ ಹೊತ್ತಿಗೆ ಸಾಮಾನು ಮನೆಯಲ್ಲಿರಲಿ.

ನಾನು ತರುವ ಲೆಕ್ಕ ಹೇಳುತ್ತೇನೆ. ಕೊಬ್ಬರಿ 1 ಕೆಜಿ, ಬೆಲ್ಲ 1 ಕೆಜಿ, ಕಡಲೆಬೀಜ 1 ಕೆಜಿ, ಹುರಿಗಡಲೆ ಅರ್ಧ ಕೆಜಿ, ಬಿಳಿ ಎಳ್ಳು ಕಾಲು ಕೆಜಿ. ಸಿಪ್ಪೆ, ಪುಡಿ, ಮಕ್ಕಳ ಬಾಯಿಗೆ ಹೋಗಿದ್ದು ಎಲ್ಲ ಕಳೆದು 35-40 ಮನೆಗೆ ಸಾಕು. ಹೆಸರು ಎಳ್ಳಿನದು, ಆದರೆ ಐದರಲ್ಲಿ ಎಲ್ಲಕ್ಕಿಂತ ಕಡಿಮೆ ಎಳ್ಳೇ. ಜಾಸ್ತಿ ಹಾಕಿದರೆ ಎಲ್ಲ ಡಬ್ಬಿಯ ತಳಕ್ಕೆ ಇಳಿದುಬಿಡುತ್ತದೆ. ಕರಿ ಎಳ್ಳು ಬೇಡ, ಅದು ಶ್ರಾದ್ಧದ ಎಳ್ಳು ಅಂತ ಅತ್ತೆ ಮನೆಯೊಳಗೇ ಬಿಡುವುದಿಲ್ಲ.

ಕೊಬ್ಬರಿ ತರುವಾಗ ತಿಪಟೂರಿನದು ಅಂತ ಎಲ್ಲ ಅಂಗಡಿಯಲ್ಲೂ ಹೇಳುತ್ತಾರೆ. ಹೆಸರು ನಂಬಬೇಡಿ, ಮೂಗು ನಂಬಿ. ಗಿಟುಕನ್ನು ಮೂಗಿನ ಹತ್ತಿರ ಹಿಡಿಯಿರಿ. ಕಮಟು ವಾಸನೆ ಬಂದರೆ ಎಷ್ಟು ಬಿಸಿಲು ತೋರಿಸಿದರೂ ಹೋಗುವುದಿಲ್ಲ. ಒಳಗೆ ಬೆಳ್ಳಗಿರಬೇಕು, ಬೂಷ್ಟಿನ ಚುಕ್ಕೆ ಇರಬಾರದು. ಬೆಲ್ಲಕ್ಕೆ ಪರೀಕ್ಷೆ ಬೆರಳಿನದು: ಒತ್ತಿದರೆ ಗುರುತು ಬೀಳಬಾರದು. ಪೊಂಗಲ್‌ಗೆ ಮೆತ್ತನೆ ಬೆಲ್ಲ ನಡೆಯುತ್ತದೆ, ಎಳ್ಳಿಗೆ ಕಲ್ಲಿನಂಥದ್ದೇ ಬೇಕು.

ಒಂದು ವರ್ಷ ಮಗನಿಗೆ ಜ್ವರ ಬಂದು ಏನೂ ಮಾಡಲಾಗಲಿಲ್ಲ. ಅಂಗಡಿಯಿಂದ ರೆಡಿ ಪ್ಯಾಕೆಟ್ ತಂದೆ. ನೋಡಲು ಬಣ್ಣಬಣ್ಣ. ಅತ್ತೆ ಎರಡು ಕಾಳು ಬಾಯಿಗೆ ಹಾಕಿಕೊಂಡು, "ಹೋದ ವರ್ಷದ ಕೊಬ್ಬರಿ" ಅಂದರು. ಹಂಚಿದೆವು, ವಿಧಿಯಿರಲಿಲ್ಲ. ಆದರೆ ಯಾರ ಮನೆ ಬಾಗಿಲಲ್ಲೂ ನಾನು ತಲೆಯೆತ್ತಿ ಮಾತಾಡಲಿಲ್ಲ.

ಮೊದಲ ಕೆಲಸ ಕೊಬ್ಬರಿ. ಹೊರಗಿನ ಕಂದು ಸಿಪ್ಪೆಯನ್ನು ತೆಳ್ಳಗೆ ಹೆರೆಯಬೇಕು. ಆಲೂಗಡ್ಡೆ ಸಿಪ್ಪೆ ತೆಗೆಯುವ ಪೀಲರ್ ಇದಕ್ಕೆ ಚೆನ್ನಾಗಿ ಆಗುತ್ತದೆ. ಗಿಟುಕು ತುಂಬಾ ಗಟ್ಟಿ ಇದ್ದರೆ ಅರ್ಧ ಗಂಟೆ ಬಿಸಿಲಿಗಿಡಿ, ಎಣ್ಣೆ ಸಡಿಲಾಗಿ ಕತ್ತಿ ಸಲೀಸಾಗಿ ಓಡುತ್ತದೆ. ಮೊದಲು ತೆಳು ಹೋಳು, ಆಮೇಲೆ ಅದನ್ನು ಅಡ್ಡಕ್ಕೆ ಸಣ್ಣ ಚೂರು. ಬೆಲ್ಲಕ್ಕೆ ನಮ್ಮ ಮನೆಯಲ್ಲಿ ಅಡಕತ್ತರಿ. ಚಾಕುವಿಗೆ ಬೆಲ್ಲ ಪುಡಿಯಾಗುತ್ತದೆ, ಅಡಕತ್ತರಿಗೆ ಚೂರು ಚೂರಾಗಿ ಬೀಳುತ್ತದೆ. ಅಳತೆ ಎರಡಕ್ಕೂ ಒಂದೇ: ಕಡಲೆಬೀಜದ ಅರ್ಧ ಬೇಳೆಯಷ್ಟು. ಒಂದು ಚಮಚದಲ್ಲಿ ಐದೂ ಸಿಗಬೇಕು ಅನ್ನುವುದು ಅತ್ತೆಯ ಕಾನೂನು. ಉದುರಿದ ಬೆಲ್ಲದ ಪುಡಿ ಎಸೆಯಬೇಡಿ, ಪೊಂಗಲ್‌ಗೆ ಆಗುತ್ತದೆ.

ಈಗ ಬಿಸಿಲು. ಎರಡನ್ನೂ ಬೇರೆ ಬೇರೆ ಬಟ್ಟೆಯ ಮೇಲೆ ಹರಡಿ ಕೊಬ್ಬರಿಗೆ ಮೂರು ದಿನ, ಬೆಲ್ಲಕ್ಕೆ ಎರಡು ದಿನ. ಮೈಸೂರಿನ ಜನವರಿ ಬೆಳಗ್ಗೆ ಒಂಬತ್ತರವರೆಗೂ ಮಂಜು ಮಂಜು. ಹಾಗಾಗಿ ಹತ್ತಕ್ಕೆ ಇಡಿ, ನಾಲ್ಕಕ್ಕೆ ಒಳಗೆ ತನ್ನಿ. ನಾಲ್ಕು ಅಂದರೆ ನಾಲ್ಕೇ. "ಇನ್ನೂ ಬಿಸಿಲಿದೆಯಲ್ಲ" ಅಂತ ಆರರವರೆಗೆ ಬಿಟ್ಟರೆ ದಿನವೆಲ್ಲ ಒಣಗಿದ್ದು ಇಬ್ಬನಿಗೆ ಮತ್ತೆ ಮೆತ್ತಗಾಗುತ್ತದೆ. ಮೇಲೆ ಹಳೆಯ ತೆಳು ಸೀರೆ ಹೊದಿಸಿ, ನಾಲ್ಕು ಮೂಲೆಗೆ ಕಲ್ಲಿಡಿ, ಇಲ್ಲದಿದ್ದರೆ ಕೊಬ್ಬರಿ ಕಾಗೆ ಪಾಲು. ಇರುವೆಗೆ ನಾನು ಮಾಡುವುದು ಇಷ್ಟು: ಸ್ಟೂಲಿನ ನಾಲ್ಕು ಕಾಲಿನ ಕೆಳಗೂ ನೀರಿನ ಬಟ್ಟಲು, ಸ್ಟೂಲಿನ ಮೇಲೆ ಬೆಲ್ಲದ ತಟ್ಟೆ.

ತಾರಸಿ ಇಲ್ಲದ ಫ್ಲ್ಯಾಟಿನವರು ಕೊಬ್ಬರಿಯನ್ನು ದಪ್ಪ ಬಾಣಲೆಯಲ್ಲಿ ಸಣ್ಣ ಉರಿಗೆ ಎರಡು ಮೂರು ನಿಮಿಷ ಬೆಚ್ಚಗೆ ಮಾಡಿ, ಆರಿಸಿ, ಮಾರನೇ ದಿನ ಮತ್ತೆ ಹಾಗೇ ಮಾಡಬಹುದು. ಬಣ್ಣ ಬದಲಾಗಬಾರದು. ಬೆಲ್ಲಕ್ಕೆ ಮಾತ್ರ ಒಲೆ, ಓವನ್ ಎರಡೂ ಬೇಡ. ಫ್ಯಾನಿನ ಗಾಳಿ ಸಾಕು. ಬೆಂಗಳೂರಿನ ನನ್ನ ನಾದಿನಿ ಬೆಲ್ಲವನ್ನು ಓವನ್‌ಗಿಟ್ಟು, ತಟ್ಟೆಯ ಆಕಾರದ ಒಂದೇ ದೊಡ್ಡ ಬೆಲ್ಲ ತೆಗೆದಳು.

ಕಡಲೆಬೀಜ ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಹುರಿಯಿರಿ. ಆರಿದ ಮೇಲೆ ಬಟ್ಟೆ ಚೀಲಕ್ಕೆ ಹಾಕಿ ತಿಕ್ಕಿ, ಮೊರದಲ್ಲಿ ಕೇರಿದರೆ ಸಿಪ್ಪೆ ಹಾರಿಹೋಗುತ್ತದೆ. ಬೇಳೆ ಎರಡಾಗುವಾಗ ತುದಿಯಲ್ಲಿ ಒಂದು ಸಣ್ಣ ಮೊಳಕೆ ಇರುತ್ತದಲ್ಲ, ಅದು ಕಹಿ, ಅದನ್ನೂ ತೆಗೆಯಬೇಕಂತೆ. ಒಂದೊಂದೇ ಆರಿಸುತ್ತಾ ಕೂತರೆ ಸಂಜೆಯಾಗುತ್ತದೆ. ಜರಡಿಯಲ್ಲಿ ಆಡಿಸಿ, ಬಿದ್ದಷ್ಟು ಬೀಳಲಿ ಅಂತ ನಾನು ಬಿಟ್ಟುಬಿಡುತ್ತೇನೆ. ಅತ್ತೆ ಕನ್ನಡಕ ಹಾಕಿಕೊಂಡು ಉಳಿದದ್ದನ್ನು ಆರಿಸುತ್ತಾರೆ. ಎಳ್ಳು ಚಟಚಟ ಅನ್ನುತ್ತಿದ್ದಂತೆ ಬಾಣಲೆಯಿಂದ ತಟ್ಟೆಗೆ ಸುರಿಯಿರಿ. ಉರಿ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಆ ಬಿಸಿಗೇ ಕಂದಿಹೋಗುತ್ತದೆ. ಹುರಿಗಡಲೆ ಸುಮ್ನೆ ಬೆಚ್ಚಗಾದರೆ ಸಾಕು.

ಇನ್ನು ಸಕ್ಕರೆ ಅಚ್ಚು. ಇದನ್ನು ಹಬ್ಬಕ್ಕೆ ಮೂರು ನಾಲ್ಕು ದಿನ ಮುಂಚೆ, ಇಬ್ಬರು ಮನೆಯಲ್ಲಿರುವಾಗ ಮಾಡಿ. ಒಬ್ಬರಿಂದ ಆಗುವ ಕೆಲಸವಲ್ಲ. ನಮ್ಮ ಮನೆಯ ಮರದ ಅಚ್ಚುಗಳು ಅತ್ತೆಯ ಅಮ್ಮನ ಕಾಲದವು. ಆನೆ, ಗಿಳಿ, ಮೀನು, ತುಳಸಿ ಕಟ್ಟೆ, ಒಂದು ಗೋಪುರ. ಗೋಪುರದ ಕಳಶ ಸವೆದಿದೆ, ಹಾಗಾಗಿ ನಮ್ಮ ಮನೆಯ ಗೋಪುರಕ್ಕೆ ಯಾವತ್ತೂ ಕಳಶವಿಲ್ಲ. ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಿ. ಒಣ ಮರಕ್ಕೆ ಪಾಕ ಹೊಯ್ದರೆ ಅಂಟಿಕೊಳ್ಳುತ್ತದೆ. ನಾನು ಹಾಗೆ ಮಾಡಿ, ಕಿವಿಯಿಲ್ಲದ, ಸೊಂಡಿಲಿಲ್ಲದ ಆರು ಆನೆ ತೆಗೆದಿದ್ದೇನೆ. ಬೆಳಗ್ಗೆ ನೀರು ಕೊಡವಿ, ಎರಡು ಹೋಳನ್ನೂ ಜೋಡಿಸಿ, ರಬ್ಬರ್ ಬ್ಯಾಂಡ್ ಬಿಗಿಯಾಗಿ ಹಾಕಿ ನಿಲ್ಲಿಸಿಟ್ಟುಕೊಳ್ಳಿ.

ಒಂದು ಕೆಜಿ ಸಕ್ಕರೆಗೆ ಅದು ಮುಳುಗುವಷ್ಟು ಮಾತ್ರ ನೀರು. ಕುದಿ ಬಂದಾಗ ಕಾಲು ಲೋಟ ಹಾಲು ಹಾಕಿ. ಹಾಲು ಒಡೆದು, ಸಕ್ಕರೆಯ ಕೊಳೆಯನ್ನೆಲ್ಲ ಎಳೆದುಕೊಂಡು ಬೂದು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ಸೌಟಿನಿಂದ ತೆಗೆದು, ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಸೋಸಿ. ಈ ಸೋಸಿದ ನೀರಿನಿಂದ ಎರಡು ಸೌಟಿನಷ್ಟನ್ನು ಮಾತ್ರ ಸಣ್ಣ ಪಾತ್ರೆಗೆ ಹಾಕಿ ಕುದಿಸಬೇಕು. ಆಸೆಪಟ್ಟು ಜಾಸ್ತಿ ಹಾಕಬೇಡಿ, ಹೊಯ್ಯುವಷ್ಟರಲ್ಲಿ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಪಕ್ಕದಲ್ಲಿ ನೀರಿನ ಬಟ್ಟಲಿಟ್ಟುಕೊಂಡು ಒಂದು ತೊಟ್ಟು ಬಿಟ್ಟು ನೋಡಿ. ಕರಗದೆ, ಬೆರಳಿಗೆ ಮೆತ್ತನೆಯ ಉಂಡೆಯಾಗಿ ಸಿಕ್ಕಿದರೆ ಪಾಕ ಬಂತು. ತಕ್ಷಣ ಕೆಳಗಿಳಿಸಿ, ಸೌಟಿನ ಬೆನ್ನಿನಿಂದ ಪಾತ್ರೆಯ ಬದಿಗೆ ಉಜ್ಜುತ್ತಾ ಹೋಗಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಸೌಟು ತಾಗಿದ ಕಡೆ ಒಂದು ಬಿಳಿ ಗೆರೆ ಕಾಣುತ್ತದೆ. ಆ ಗೆರೆ ಹರಡಿ, ನೋಡನೋಡುತ್ತ ಪಾಕವೆಲ್ಲ ಹಾಲಿನಂತೆ ಆಗುತ್ತದೆ. ಅದೇ ಗಳಿಗೆ. ಒಬ್ಬರು ಅಚ್ಚು ಹಿಡಿಯಬೇಕು, ಇನ್ನೊಬ್ಬರು ಹೊಯ್ಯಬೇಕು. ಆಗ ಬಾಗಿಲು ಬಡಿದರೂ ಯಾರೂ ಏಳುವ ಹಾಗಿಲ್ಲ. ಹತ್ತು ನಿಮಿಷ ಬಿಟ್ಟು ರಬ್ಬರ್ ಬ್ಯಾಂಡ್ ತೆಗೆದು ಮೆಲ್ಲಗೆ ಬಿಡಿಸಿ. ಬಿಸಿ ಪಾಕ ಕೈಗೆ ಬಿದ್ದರೆ ಎಣ್ಣೆಗಿಂತ ಕೆಟ್ಟದಾಗಿ ಸುಡುತ್ತದೆ, ಮಕ್ಕಳನ್ನು ದೂರ ಕೂರಿಸಿ. ಅಚ್ಚು ಬಿಡಿಸುವ ಕೆಲಸ ಅವರಿಗೆ ಕೊಡಿ. ಮುರಿದ ಅಚ್ಚು ಅವರಿಗೇ ಅಂತ ಮಾತ್ರ ಮೊದಲೇ ಹೇಳಬೇಡಿ, ಜಾಸ್ತಿ ಮುರಿಯುತ್ತವೆ.

ಬೆರೆಸುವುದು ಹಬ್ಬದ ದಿನ ಬೆಳಗ್ಗೆಯೇ, ಅದಕ್ಕಿಂತ ಮುಂಚೆ ಬೇಡ. ಎರಡನೇ ವರ್ಷ ನಾನು ಜಾಣತನ ಮಾಡಲು ಹೋಗಿ ಹಿಂದಿನ ರಾತ್ರಿಯೇ ಬೆರೆಸಿಟ್ಟಿದ್ದೆ. ಕಡಲೆಬೀಜ ಇನ್ನೂ ಬೆಚ್ಚಗಿತ್ತು. ಬೆಳಗ್ಗೆ ಡಬ್ಬಿ ಮುಚ್ಚಳ ತೆಗೆದರೆ ಬೆಲ್ಲ ಬೆವತು, ಎಳ್ಳೆಲ್ಲ ಅದಕ್ಕೆ ಮೆತ್ತಿಕೊಂಡು, ಕೊಬ್ಬರಿ ಚಕ್ಕಳದಂತಾಗಿತ್ತು. ಎಲ್ಲ ತಣ್ಣಗಿರಲಿ, ಕೈ ಒಣಗಿರಲಿ. ಕಡಲೆಬೀಜ, ಹುರಿಗಡಲೆ, ಕೊಬ್ಬರಿ, ಎಳ್ಳು, ಕೊನೆಗೆ ಬೆಲ್ಲ. ಮೇಲೆ ಒಂದು ಹಿಡಿ ಬಣ್ಣದ ಜೀರಿಗೆ ಪೆಪ್ಪರ್‌ಮೆಂಟು. ಅದು ರುಚಿಗಲ್ಲ, ಮಕ್ಕಳಿಗೆ.

ಹಬ್ಬದ ದಿನದ ಅಡುಗೆ ಸುಲಭ. ಧನುರ್ಮಾಸವಿಡೀ ದೇವಸ್ಥಾನದ ಹುಗ್ಗಿ ತಿಂದಿರುತ್ತೇವೆ, ಇವತ್ತು ಮನೆಯದು. ಅಕ್ಕಿ ಒಂದು ಪಾವು, ಘಮ್ಮೆನ್ನುವಂತೆ ಹುರಿದ ಹೆಸರುಬೇಳೆ ಮುಕ್ಕಾಲು ಪಾವು, ಮೆತ್ತಗೆ ಬೇಯಲಿ. ಪೂರ್ತಿ ಬೆಂದ ಮೇಲೆಯೇ ಎರಡು ಪಾವು ಬೆಲ್ಲ. ಮುಂಚೆ ಹಾಕಿದರೆ ಅಕ್ಕಿ ಬೇಯದೆ ಹಟ ಮಾಡುತ್ತದೆ. ತುಪ್ಪ, ಗೋಡಂಬಿ, ದ್ರಾಕ್ಷಿ, ಏಲಕ್ಕಿ ನಿಮ್ಮ ಕೈ ಬಂದಂತೆ. ಖಾರ ಪೊಂಗಲ್‌ಗೆ ಒಂದು ಹಿಡಿ ಸೊಗಡಿನ ಅವರೆಕಾಳು ಹಾಕಿ ನೋಡಿ. ಅವರೆಕಾಯಿ, ಹಸಿ ಕಡಲೆಕಾಯಿ, ಗೆಣಸು ಉಪ್ಪು ಹಾಕಿ ಬೇಯಿಸಿದರೆ ಆಯ್ತು. ಬಾಗಿಲಿಗೆ ರಂಗೋಲಿ, ಎರಡು ಜಲ್ಲೆ ಕಬ್ಬು, ದೇವರ ಮುಂದೆ ಎಳ್ಳು ಬೆಲ್ಲ ಮತ್ತು ಪೊಂಗಲ್ ನೈವೇದ್ಯ.

ಸಂಜೆ ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದ್ದರೆ ಎಲಚಿ ಹಣ್ಣು ಎರೆಯುವುದು ಮರೆಯಬೇಡಿ. ಮಗುವಿಗೆ ಹೊಸ ಬಟ್ಟೆ ಹಾಕಿ ಮಣೆಯ ಮೇಲೆ ಕೂರಿಸಿ. ಎಲಚಿ ಹಣ್ಣು, ಕಬ್ಬಿನ ಚೂರು, ಒಂದಿಷ್ಟು ಚಿಲ್ಲರೆ ಕಾಸು, ಎಳ್ಳು ಬೆಲ್ಲ ಎಲ್ಲ ಸೇರಿಸಿ ತಲೆಯ ಮೇಲಿಂದ ಮೆಲ್ಲಗೆ ಸುರಿದು ಆರತಿ ಮಾಡುತ್ತಾರೆ. ಸುತ್ತ ಕೂತ ಮಕ್ಕಳು ಆಯ್ದುಕೊಳ್ಳಲು ಬೀಳುತ್ತಾರೆ. ನನ್ನ ಮಗ ಮೊದಲ ಸಲ ಹೆದರಿ ಅತ್ತ. ಮರುವರ್ಷ ಮಣೆ ಬಿಟ್ಟೆದ್ದು ತನ್ನ ತಲೆಗೆ ಸುರಿದ ಕಾಸನ್ನು ತಾನೇ ಆಯ್ದ. ಈಗ ಅವನಿಗೆ ಸಂಜೆ ಇದೆಲ್ಲ ಬೇಡ. ಅಪ್ಪನ ಜೊತೆ ಸಿದ್ದಲಿಂಗಪುರಕ್ಕೆ ಹೋಗಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಬೇಕು, ಮೈಯೆಲ್ಲ ಹೊಗೆ ವಾಸನೆ ಮಾಡಿಕೊಂಡು ಬರಬೇಕು.

ಎಳ್ಳು ಬೀರಲು ಮಗಳು ಮತ್ತು ನಾನು ಹೊರಡುತ್ತೇವೆ. ತಟ್ಟೆಯಲ್ಲಿ ಒಂದೊಂದು ಮನೆಗೆ ಎಳ್ಳಿನ ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು, ಎಲೆ ಅಡಿಕೆ. ಜೊತೆಗೆ ಅರಿಶಿನ ಕುಂಕುಮದ ಬಟ್ಟಲು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅಂತ ಕೊಡುವುದು. ಎದುರು ಮನೆಯವರು ಧಾರವಾಡದವರು. ಅವರು ನಮಗೆ ಮುಳ್ಳು ಮುಳ್ಳಾದ ಬೆಳ್ಳನೆಯ ಕುಸುರೆಳ್ಳು ಕೊಟ್ಟು, "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೋಣ್ರೀ" ಅನ್ನುತ್ತಾರೆ. ಕಾರು ನಿಲ್ಲಿಸುವ ಜಾಗಕ್ಕೆ ಅವರಿಗೂ ನಮಗೂ ಮಾತುಕತೆ ನಿಂತಿದ್ದ ವರ್ಷವೂ ಹಾಗೇ ಅಂದರು. ಮಾರನೇ ದಿನ ಕಾರು ಅಲ್ಲೇ ನಿಂತಿತ್ತು, ಅದು ಬೇರೆ ವಿಷಯ.

ರಾತ್ರಿ ಎಲ್ಲರ ಮನೆಯಿಂದ ಬಂದ ಪೊಟ್ಟಣಗಳನ್ನು ದೊಡ್ಡ ಡಬ್ಬಿಗೆ ಸುರಿಯುವುದು ನನ್ನ ಕೆಲಸ. ಸುರಿಯುವ ಮುಂಚೆ ಅತ್ತೆ ಒಂದೊಂದರಿಂದಲೂ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುತ್ತಾರೆ. "ಇದು ಮೂಲೆ ಮನೆಯದು, ಸಿಪ್ಪೆ ತೆಗೆದಿಲ್ಲ." "ಇದು ಅಂಗಡಿದು." "ಇದಕ್ಕೆ ಬಿಸಿಲು ಸಾಲದು." ಹೋದ ಸಂಕ್ರಾಂತಿಯಲ್ಲಿ ನಮ್ಮದೇ ಒಂದು ಪೊಟ್ಟಣ ಮಿಕ್ಕಿ ಅದರ ನಡುವೆ ಸೇರಿಕೊಂಡಿತ್ತು. ಅದನ್ನೂ ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಅಗಿದು, "ಇದ್ಯಾರ ಮನೇದಮ್ಮ? ಮೊಳಕೆ ಸರಿಯಾಗಿ ತೆಗೆದಿಲ್ಲ" ಅಂದರು.